ಐವತ್ತೈದರ ಮೇಲಿನವರು

ಗಿರಣಿ ಸಾಲಿನ ಮೊದಲನೆಯ ಮನೆ ಅತ್ತಿಗೆಯದು. ಜನಗಣತಿಯ ಪುಸ್ತಕದಲ್ಲೂ ಅದಕ್ಕೇ ಒಂದನೆಯ ನಂಬರು. ಶಾಲೆಯ ಹಿಂದೆ ಟೀಚರಿಗೆಂದು ಕೊಟ್ಟ ತನ್ನ ಒಂಟಿ ಕೋಣೆಯಿಂದ ಅಲ್ಲಿಗೆ ಹೆಚ್ಚೆಂದರೆ ಮೂವತ್ತು ಹೆಜ್ಜೆ. ಆದರೂ ಬೆಳಿಗ್ಗೆ ಏಳಕ್ಕೆ ಪ್ಯಾಡನ್ನು ಎದೆಗವಚಿಕೊಂಡು ಹೊರಟವಳು ಮುಚ್ಚಿದ್ದ ಆ ಬಾಗಿಲನ್ನು ತಲೆ ತಗ್ಗಿಸಿ ದಾಟಿ, ಸಾಲಿನ ಇನ್ನೊಂದು ತುದಿಗೆ ಹೋಗಿ, ನಲವತ್ತೊಂದನೆಯ ಮನೆಯಿಂದ ಶುರುಮಾಡಿದಳು. ಯಾಕೆ ಎಂದು ಕೇಳುವವರು ಯಾರೂ ಇರಲಿಲ್ಲ. ಕೇಳಿದರೆ ಹೇಳಲು ಕಾರಣ ಮಾತ್ರ ಸಿದ್ಧವಿತ್ತು: ಆ ತುದಿಗೆ ಬಿಸಿಲು ಬೇಗ ಬರುತ್ತದೆ, ಅಲ್ಲಿಂದ ಮುಗಿಸಿಕೊಂಡು ಬಂದರೆ ಈಚೆಗೆ ನೆರಳು. ಯಾರೂ ಕೇಳದ ಪ್ರಶ್ನೆಗಳಿಗೆ ಹೀಗೆ ಉತ್ತರ ಹೊಂದಿಸಿಟ್ಟುಕೊಳ್ಳುವುದು ಅವಳಿಗೆ ಹನ್ನೊಂದು ವರ್ಷದ ರೂಢಿ.

ಊರೆಂದರೆ ಮೂರು ಸಾಲು, ನೂರ ಹನ್ನೆರಡು ಮನೆ, ಒಂದು ಶಾಲೆ, ಒಂದು ಅಂಗಡಿ. ಮಿಕ್ಕಿದ್ದೆಲ್ಲ ಬೆಣಚುಕಲ್ಲಿನ ಗಿರಣಿ. ಹಿಂದಿನ ಗುಡ್ಡದಿಂದ ಕಲ್ಲು ಬರುತ್ತದೆ, ಒಡೆಯುತ್ತದೆ, ಹಿಟ್ಟಾಗುತ್ತದೆ, ಚೀಲದಲ್ಲಿ ಕೂತು ಎಲ್ಲೋ ಗಾಜಾಗಲು ಹೋಗುತ್ತದೆ. ಹೋಗದೆ ಉಳಿದ ಪುಡಿ ಊರಿನ ಮೇಲೆ ಇಳಿಯುತ್ತದೆ. ಕಿಟಕಿಯ ಅಂಚಿನಲ್ಲಿ, ಒಣಗಲು ಹಾಕಿದ ಬಟ್ಟೆಯ ಮಡಿಕೆಯಲ್ಲಿ, ಮಕ್ಕಳ ರೆಪ್ಪೆಯ ಮೇಲೆ. ಶಾಲೆಯಲ್ಲಿ ಬೋರ್ಡು ಒರೆಸಿದಾಗ ಏಳುವುದು ಸೀಮೆಸುಣ್ಣದ ಪುಡಿಯೋ ಗಿರಣಿಯದೋ ಎಂದು ಅವಳಿಗೆ ಎಷ್ಟೋ ಸಲ ಅನುಮಾನ ಬಂದದ್ದುಂಟು. ಮೊನ್ನೆ ಮೇಲಿನ ಸಾಲು ಮುಗಿಸಿದ್ದಳು: ಆಫೀಸಿನವರು, ಲಾರಿಯವರು, ಕರೆಂಟಿನವರು. ಅಲ್ಲಿ ಅಜ್ಜಂದಿರು ಇದ್ದರು. ಒಬ್ಬರಿಗೆ ಎಪ್ಪತ್ತನಾಲ್ಕು, ಹಲ್ಲು ಕಟ್ಟಿಸಿಕೊಂಡು ಎಲ್ಲರಿಗೂ ತೋರಿಸುತ್ತಿದ್ದರು. ನಿನ್ನೆ ಕೆಳಗಿನ ಸಾಲಿನಲ್ಲೂ ಇಬ್ಬರು ಸಿಕ್ಕಿದ್ದರು. ಇವತ್ತು ಬೆಳಗಿನಿಂದ ವಯಸ್ಸಿನ ಕಾಲಮ್ಮಿನಲ್ಲಿ ಗಂಡಸರ ಮುಂದೆ ಅವಳು ಬರೆದ ದೊಡ್ಡ ಅಂಕಿ ಐವತ್ತಮೂರು. ಅದನ್ನು ಗಮನಿಸಬಾರದೆಂದು ಅವಳು ಒಂದೊಂದು ಹಾಳೆ ತುಂಬಿದೊಡನೆ ಅದನ್ನು ಕೆಳಗೆ ಸೇರಿಸಿ ಹೊಸದನ್ನು ಮೇಲಕ್ಕೆ ತರುತ್ತಿದ್ದಳು.

"ಮನೆ ಯಜಮಾನರು?" ಎಂದು ಕೇಳಿದರೆ ಹೆಂಗಸರು ತಮ್ಮ ಹೆಸರನ್ನೇ ಹೇಳುತ್ತಿದ್ದರು, ಏನೂ ವಿಶೇಷವಿಲ್ಲದ ಹಾಗೆ. ಮೂವತ್ತೆರಡನೆಯ ಮನೆಯಲ್ಲಿ ಚೀಲ ಹೊಲಿಯುವಾಕೆ, ಎಲ್ಲರ ಬಾಯಲ್ಲೂ ಚೀಲದಕ್ಕ, ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಉತ್ತರ ಹೇಳಿದಳು. "ಗಂಡ ಇಲ್ಲ. ಮಾವ ಇಲ್ಲ. ಮೈದುನ ಇದ್ದ, ಅವನೂ ಇಲ್ಲ. ಬರ್ಕೊಳ್ಳಿ, ಇಲ್ಲದವರ ಪಟ್ಟಿ ಉದ್ದಕ್ಕಿದೆ. ಸರ್ಕಾರಕ್ಕೆ ಹಾಳೆ ಸಾಲುತ್ತೋ ಇಲ್ವೋ." ಹೇಳಿ ತಾನೇ ನಕ್ಕಳು. ಅವಳೂ ನಕ್ಕಳು. ನಗುತ್ತಿದ್ದಂತೆ ಒಳಗಿನಿಂದ ಯಾರೋ ಓದಿ ಹೇಳಿದ ಹಾಗೆ ಚೀಲದಕ್ಕನ ಗಂಡನ ಪೂರ್ತಿ ಹೆಸರು, ಅಪ್ಪನ ಹೆಸರಿನ ಮೊದಲಕ್ಷರ ಸಮೇತ, ಕಿವಿಗೆ ಬಡಿಯಿತು. ಮೊದಲನೆಯ ಹೆಸರು. ಹತ್ತೊಂಬತ್ತರಲ್ಲಿ ಮೊದಲನೆಯದು. ಬರೆಯುತ್ತಿದ್ದ ಅಂಕಿ ಗೆರೆಯಾಚೆ ಹೋಯಿತು. "ಯಾಕೆ ಟೀಚರೇ, ಮಕ್ಕಳು ಹೀಗೆ ಬರೆದರೆ ಬೈತೀರಲ್ಲ" ಎಂದಳು ಚೀಲದಕ್ಕ.

ಹನ್ನೊಂದು ವರ್ಷದ ಹಿಂದೆ ಆಸ್ಪತ್ರೆಯ ವ್ಯಾನು ಬಂದು ನಿಂತದ್ದು ಶಾಲೆಯ ಮುಂದೆಯೇ. ಹೊರಗಿನಿಂದ ಬಂದ ಡಾಕ್ಟರು, ಸಣಕಲು ಮನುಷ್ಯ, ಯಾವಾಗಲೂ ಕನ್ನಡಕ ಒರೆಸಿಕೊಳ್ಳುತ್ತಿದ್ದ. ಎದೆಯ ಫೋಟೋ ತೆಗೆಯುತ್ತೇವೆ, ಬಿಟ್ಟಿ, ನೋವಾಗುವುದಿಲ್ಲ ಎಂದಿದ್ದ. ಗಿರಣಿ ಸಾಲಿನ ಮೂವತ್ತೊಂದು ಗಂಡಸರು ಅಂಗಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಸ್ಕೂಲು ಮಕ್ಕಳ ಹಾಗೆ ಒಬ್ಬರನ್ನೊಬ್ಬರು ತಳ್ಳಾಡುತ್ತ ಸಾಲಾಗಿ ನಿಂತಿದ್ದರು. ಹೆಸರು ಬರೆದುಕೊಂಡವಳು ಅವಳು. ಅಣ್ಣ ಸರದಿ ಬಂದಾಗ ಬೆನ್ನು ನೆಟ್ಟಗೆ ಮಾಡಿ, "ನಮ್ಮ ತಂಗಿ ಬರೆದರೆ ಅಕ್ಷರ ಅಚ್ಚು ಹಾಕಿದ ಹಾಗಿರುತ್ತೆ" ಎಂದು ಡಾಕ್ಟರಿಗೆ ಹೇಳಿದ್ದ. ಹದಿನೇಳಕ್ಕೇ ಗಿರಣಿಗೆ ಇಳಿದವನು ಅಣ್ಣ. ಅಪ್ಪ ಅಮ್ಮ ಇಬ್ಬರೂ ಇಲ್ಲದ ಮನೆಯಲ್ಲಿ ಐದು ವರ್ಷದ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬರುತ್ತಿದ್ದವನು. ಕಾಗದ ಎರಡು ತಿಂಗಳ ಮೇಲೆ ಶಾಲೆಯ ವಿಳಾಸಕ್ಕೆ ಬಂತು. ಮೂವತ್ತೊಂದರಲ್ಲಿ ಹತ್ತೊಂಬತ್ತು ಜನರ ಎದೆಯಲ್ಲಿ ಕಲ್ಲಿನ ಪುಡಿ ಕೂತಿದೆ, ಕೂತದ್ದು ಹೋಗುವುದಿಲ್ಲ, ಆದರೆ ಇವತ್ತೇ ಆ ಕೆಲಸ ಬಿಟ್ಟರೆ ಹೆಚ್ಚು ಕಾಲ ಬದುಕುತ್ತಾರೆ, ದಯವಿಟ್ಟು ಎಲ್ಲರಿಗೂ ಓದಿ ಹೇಳಿ. ಕೆಳಗೆ ಹೆಸರುಗಳು. ಮೂರನೆಯದು ಅಣ್ಣನದು.

ಅದನ್ನು ಮ್ಯಾನೇಜರ ಹತ್ತಿರ ತೆಗೆದುಕೊಂಡು ಹೋಗು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಇದೊಂದನ್ನು ಅವಳು ಎಷ್ಟು ಸಲ ತಿರುಗಿಸಿ ನೋಡಿದರೂ ಬೇರೆ ಯಾರ ಮೇಲೂ ಹೊರಿಸಲಾಗುತ್ತಿರಲಿಲ್ಲ. ಶಾಲೆ ಗಿರಣಿಯದು, ಅವಳ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಓದಿ ಹೇಳುವ ಮೊದಲು ಒಂದು ಮಾತು ಕೇಳೋಣ ಎನ್ನಿಸಿತ್ತು, ಅಷ್ಟೇ. ಮ್ಯಾನೇಜರು ಎದ್ದು ನಿಂತು ಅವಳಿಗೆ ಕುರ್ಚಿ ಎಳೆದುಕೊಟ್ಟಿದ್ದರು. ಆ ಊರಿನಲ್ಲಿ ಅದುವರೆಗೆ ಯಾರೂ ಅವಳಿಗೆ ಕುರ್ಚಿ ಎಳೆದುಕೊಟ್ಟಿರಲಿಲ್ಲ. ಮೈಯೊಳಗೆ ಸಣ್ಣ ಸುಖವೊಂದು ಹರಿದದ್ದು ಈಗಲೂ ನೆನಪಿದೆ. ನೆನಪಾದಾಗಲೆಲ್ಲ ಅವಳಿಗೆ ನಾಲಗೆ ಕಚ್ಚಿಕೊಳ್ಳುವಂತಾಗುತ್ತದೆ. "ನೀವು ಓದಿದವರು, ನಿಮಗೆ ಅರ್ಥ ಆಗುತ್ತೆ. ಒಟ್ಟಿಗೆ ಓದಿಬಿಟ್ಟರೆ ಗಾಬರಿ ಆಗಿ ಎಲ್ಲ ಕೆಲಸ ಬಿಡ್ತಾರೆ, ಗಿರಣಿ ನಿಂತರೆ ಊರೇ ನಿಲ್ಲುತ್ತೆ. ಒಬ್ಬೊಬ್ಬರನ್ನೇ ಕರೆದು ನಾನು ಹೇಳ್ತೀನಿ. ಕಾಗದ ನನ್ನ ಹತ್ರ ಇರಲಿ." ಅವಳು ನಂಬಿದಳು, ಇಲ್ಲವೇ ನಂಬಲು ಅದೇ ಅನುಕೂಲವಾಗಿತ್ತು. ಮೂಗಿಗೆ ಕಟ್ಟುವ ಬಟ್ಟೆಯನ್ನು ಎರಡು ತಿಂಗಳು ಹಂಚಿದರು. ಮುಂದಿನ ತಿಂಗಳು ಅವಳ ಕೆಲಸ ಖಾಯಂ ಆಯಿತು. ಅದಕ್ಕೂ ಇದಕ್ಕೂ ಸಂಬಂಧ ಇತ್ತೋ ಇಲ್ಲವೋ, ಯಾರನ್ನು ಕೇಳುವುದು. ಮೊದಲ ವಾರ ಮ್ಯಾನೇಜರು ಹೇಳಲಿ ಎಂದು ಕಾದಳು. ಎರಡನೆಯ ವಾರ ಹೇಳಿರಬಹುದು ಎಂದುಕೊಂಡಳು. ಆಮೇಲೆ ಅಣ್ಣನಿಗೆ ತಾನೇ ಹೇಳಬೇಕೆಂದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕಾಗಿತ್ತು. ದಿನ ಹೋದಷ್ಟೂ ಆ ಎರಡನೆಯ ಮಾತೇ ಬೆಳೆಯಿತು, ಮೊದಲನೆಯದನ್ನು ನುಂಗಿತು. ಮ್ಯಾನೇಜರು ಮೂರು ವರ್ಷಕ್ಕೆ ವರ್ಗವಾಗಿ ಹೋದರು. ಅಣ್ಣ ಆರು ವರ್ಷಕ್ಕೆ ಹೋದ, ನಲವತ್ತೇಳಕ್ಕೆ. ಕೊನೆಯ ಚಳಿಗಾಲದಲ್ಲಿ ಅವನು ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಎರಡು ಸಲ ಕೂತು ಸುಧಾರಿಸಿಕೊಳ್ಳುತ್ತಿದ್ದ.

ಇಪ್ಪತ್ತನೆಯ ಮನೆ ಬೆಲ್ಟಣ್ಣನದು. ಗಿರಣಿಯ ಬೆಲ್ಟು ಹರಿದಾಗೆಲ್ಲ ಹೊಲಿಯುತ್ತಿದ್ದವನು ಈಗ ಎರಡು ವರ್ಷದಿಂದ ಮೇಜಿನ ಮುಂದೆ ಕೂತಿದ್ದಾನೆ. ಮಲಗಿದರೆ ಉಸಿರು ಸಿಗುವುದಿಲ್ಲ. ಮೇಜಿನ ಮೇಲೆ ದಿಂಬು, ದಿಂಬಿನ ಮೇಲೆ ಎರಡು ಮೊಣಕೈ, ನಡುವೆ ಅವನ ದೊಡ್ಡ ತಲೆ. ಅವಳನ್ನು ಕಂಡು ಏಳಲು ನೋಡಿದ. ಹೆಂಡತಿ ಹೆಗಲು ಒತ್ತಿ ಕೂರಿಸಿದಳು.

"ವಯಸ್ಸು?"

"ಐವತ್ತೊಂದು." ನಡುವೆ ನಿಂತು ಉಸಿರು ತಗೊಂಡ. "ಐವತ್ತೆರಡು ಅಂತಲೇ ಹಾಕ್ಕೊಳ್ಳಿ ಟೀಚರೇ. ಅಷ್ಟೊಂದು ದೂರ ಹೋಗ್ತೀನೋ ಇಲ್ವೋ, ಪುಸ್ತಕದಲ್ಲಾದ್ರೂ ಮುಟ್ಟಿರಲಿ."

"ಸುಮ್ನಿರಿ ನೀವು" ಎಂದಳು ಹೆಂಡತಿ.

"ಕೆಲಸ?"

"ಉಸಿರಾಡೋದು. ಫುಲ್ ಟೈಮು." ತನ್ನ ಮಾತಿಗೆ ತಾನೇ ನಗಲು ಹೋಗಿ ಕೆಮ್ಮಿದ. ಆ ಕೆಮ್ಮು ಒದ್ದೆಯಾಗಿರಲಿಲ್ಲ. ಖಾಲಿ ಡಬ್ಬದಲ್ಲಿ ಜಲ್ಲಿ ಅಲ್ಲಾಡಿಸಿದ ಹಾಗಿತ್ತು. ಕೆಮ್ಮು ನಿಲ್ಲುವವರೆಗೆ ಅವಳು ಗೋಡೆಯ ಕ್ಯಾಲೆಂಡರನ್ನು ನೋಡುತ್ತ ನಿಂತಳು. ಹತ್ತೊಂಬತ್ತರಲ್ಲಿ ಒಂಬತ್ತನೆಯವನು. ಉಳಿದಿರುವವರು ನಾಲ್ಕು ಜನ, ಅವರಲ್ಲಿ ಇವನೊಬ್ಬ. ಕೆಮ್ಮು ನಿಂತ ಮೇಲೆ ಅವನು, ಬಹಳ ದಿನದಿಂದ ಕೇಳಬೇಕೆಂದಿದ್ದ ಹಾಗೆ ಅಲ್ಲ, ಸುಮ್ಮನೆ ಮಾತಿಗೆ ಮಾತು ಬಂದ ಹಾಗೆ ಕೇಳಿದ: "ಅಲ್ಲ, ಆಗೊಂದು ಸಲ ನಮ್ಮೆಲ್ಲರ ಎದೆ ಫೋಟೋ ತೆಗೆದಿದ್ರಲ್ಲ. ಅದೇನಾಯ್ತು ಕೊನೆಗೆ?"

"ಬರಲೇ ಇಲ್ಲ" ಎಂದಳು. ಹನ್ನೊಂದು ವರ್ಷದಿಂದ ಸಿದ್ಧವಾಗಿದ್ದ ಉತ್ತರ. ನಯವಾಗಿ, ತಡವರಿಸದೆ ಹೊರಬಂತು. ಅದು ಅಷ್ಟು ನಯವಾಗಿ ಬಂದದ್ದಕ್ಕೇ ಅವಳಿಗೆ ಹೆದರಿಕೆಯಾಯಿತು.

"ನನ್ನ ಮುಖವೇ ಫೋಟೋದಲ್ಲಿ ಸರಿಯಾಗಿ ಬರಲ್ಲ, ಇನ್ನು ಎದೆ ಎಲ್ಲಿ ಬರುತ್ತೆ" ಎಂದ ಬೆಲ್ಟಣ್ಣ.

ಹೆಂಡತಿ ಬಾಗಿಲವರೆಗೆ ಬಂದಳು. ದನಿ ತಗ್ಗಿಸಿ, ಅವಳ ಮುಂಗೈ ಹಿಡಿದುಕೊಂಡು ಹೇಳಿದಳು: "ಆ ವರ್ಷ ನಮ್ಮಣ್ಣ ಬೇಕರಿಗೆ ಕರೆದಿದ್ದ ಟೀಚರೇ, ಒಲೆ ಹತ್ರ ಕೆಲಸ. ಹೋಗೋದು ಅಂತ ಆಗಿತ್ತು, ಪಾತ್ರೆ ಕೂಡ ಕಟ್ಟಿದ್ದೆ. ಇವರು, ತಡಿ, ಫೋಟೋ ಬರಲಿ ಅಂದ್ರು. ಬರಲಿಲ್ಲ. ಏನಾದ್ರೂ ಇದ್ದಿದ್ರೆ ಹೇಳಿರೋರು, ಇಲ್ಲ ಅಂದಮೇಲೆ ಎದೆ ಚೆನ್ನಾಗಿದೆ ಅಂತಾನೇ ಅರ್ಥ ಅಂದ್ಕೊಂಡು ಉಳಿದ್ವಿ." ಮುಂಗೈ ಬಿಟ್ಟಳು. "ನಿಮ್ಮ ತಪ್ಪೇನಿದೆ ಬಿಡಿ. ಡಾಕ್ಟರುಗಳ ಹಣೆಬರಹವೇ ಅಷ್ಟು."

ಅಲ್ಲಿಂದ ಮುಂದಿನ ಮನೆಗಳು ಅವಳಿಗೆ ಸರಿಯಾಗಿ ನೆನಪಿಲ್ಲ. ಬಾಗಿಲು ತಟ್ಟಿದಳು, ಬರೆದಳು, ನೀರು ಕೊಟ್ಟರೆ ಕುಡಿದಳು. ಹೇಳಿದ್ದರೂ ಅವರು ಎಲ್ಲಿಗೆ ಹೋಗುತ್ತಿದ್ದರು, ಈ ಊರು ಬಿಟ್ಟರೆ ಇವರಿಗೆ ಇನ್ನೇನು ಗೊತ್ತು ಎಂಬ ಒಂದು ಮಾತನ್ನು ಅವಳು ಇಷ್ಟು ವರ್ಷ ಊರುಗೋಲಿನ ಹಾಗೆ ಹಿಡಿದುಕೊಂಡು ಬಂದಿದ್ದಳು. ಬೇಕರಿ, ಕಟ್ಟಿಟ್ಟ ಪಾತ್ರೆ. ಅವರು ಕಾಯುತ್ತಿದ್ದರು. ಅವಳ ಮೌನವನ್ನು ಅವರು ಉತ್ತರವೆಂದು ಓದಿಕೊಂಡಿದ್ದರು, ಓದು ಕಲಿಸುವವಳ ಮೌನವಲ್ಲವೇ. ಮಧ್ಯಾಹ್ನ ಪಂಪು ಮನೆಯ ನೆರಳಿನಲ್ಲಿ ಕೂತು, ಬೇಡ ಬೇಡವೆಂದುಕೊಂಡೇ ಹಾಳೆಗಳನ್ನು ಮತ್ತೆ ಮೇಲಕ್ಕೆ ತೆಗೆದಳು. ನಲವತ್ತು ಮನೆ. ಹೆಂಗಸು ಯಜಮಾನಿಯಾದ ಮನೆ ಇಪ್ಪತ್ತಮೂರು. ಐವತ್ತೈದರ ಮೇಲಿನ ಹೆಂಗಸರು ಹದಿನೇಳು. ಐವತ್ತೈದರ ಮೇಲಿನ ಗಂಡಸರ ಚೌಕದಲ್ಲಿ ಒಂದು ಸೊನ್ನೆ ಹಾಕಬೇಕು. ಪೆನ್ನು ಇಟ್ಟಳು, ಸೊನ್ನೆ ಸುತ್ತಲಾಗಲಿಲ್ಲ. ಮೇಲಿನ ಸಾಲಿನ ಹಲ್ಲು ಕಟ್ಟಿಸಿಕೊಂಡ ಅಜ್ಜನ ಮೇಲೆ ಕಾರಣವಿಲ್ಲದ ಸಿಟ್ಟು ಬಂತು. ಗಿರಣಿ ಎದುರಿಗೇ ಒಂದೇ ಸಮನೆ ರುಬ್ಬುತ್ತಿತ್ತು, ಅದರ ಬಾಯಿಯಿಂದ ಬಿಳಿಯದೊಂದು ಹೊಗೆಯಲ್ಲದ ಹೊಗೆ ನಿಧಾನವಾಗಿ ಎದ್ದು, ಗಾಳಿಯಿಲ್ಲದ ಬಿಸಿಲಿನಲ್ಲಿ ನಿಂತು, ಮನೆಗಳ ಕಡೆಗೆ ಬಗ್ಗುತ್ತಿತ್ತು.

ಅತ್ತಿಗೆ ಬಾಗಿಲು ತೆರೆದಿಟ್ಟುಕೊಂಡು, ಒಗೆದ ಬಟ್ಟೆ ಉಟ್ಟುಕೊಂಡು, ಹೊಸ್ತಿಲ ಹತ್ತಿರವೇ ಕೂತು ಈರುಳ್ಳಿ ಸುಲಿಯುತ್ತಿದ್ದಳು.

"ಈಗ ಬಂದ್ಯಾ? ಬೆಳಿಗ್ಗೆ ನನ್ನ ಬಾಗಿಲು ದಾಟ್ಕೊಂಡೇ ಹೋದೆಯಂತೆ, ಎದುರುಮನೆಯವಳು ಹೇಳಿದ್ಲು. ನಾನೇನು ಈ ಊರಿನ ಲೆಕ್ಕಕ್ಕಿಲ್ವಾ?"

"ಕೊನೆಗೆ ಬಂದರೆ ಕೂತು ಮಾತಾಡಬಹುದು ಅಂತ, ಅತ್ತಿಗೆ."

"ಕೂತ್ಕೋ. ಮೊದಲು ಬರಿ. ಯಜಮಾನ ಅನ್ನೋ ಕಡೆ ನನ್ನ ಹೆಸರು ಹಾಕಬೇಡ, ಮಗನ ಹೆಸರು ಹಾಕು. ಇವತ್ತಿಂದ ಈ ಮನೇಲಿ ದುಡಿಯೋನು ಅವನು."

"ಇವತ್ತಿಂದ?"

ಅತ್ತಿಗೆಯ ಮುಖ ಅರಳಿತು. "ನಿನಗೆ ಅವನೇ ಸಂಜೆ ಬಂದು ಹೇಳಬೇಕು ಅಂತಿದ್ದ. ನನ್ನ ಬಾಯಲ್ಲಿ ನಿಲ್ಲುತ್ತಾ? ನಿನ್ನೆ ಆರ್ಡರು ಬಂತು. ಅಪ್ಪನ ಜಾಗಕ್ಕೇ ತಗೊಂಡಿದ್ದಾರೆ, ಗಿರಣಿ ಒಳಗೇ. ಬೆಳಿಗ್ಗೆ ಆರರ ಶಿಫ್ಟಿಗೆ ಹೋದ. ನಿಮ್ಮಣ್ಣನ ಬೂಟು ಇತ್ತಲ್ಲ, ಅದನ್ನೇ ಹಾಕ್ಕೊಂಡ. ಬೆರಳು ಒತ್ತುತ್ತೆ ಅಂದ."

ಹತ್ತೊಂಬತ್ತು ವರ್ಷ, ಆರಡಿ. ಎಲ್ಲರೂ ಅವನನ್ನು ಉದ್ದಣ್ಣ ಎನ್ನುತ್ತಾರೆ. ಪಟ್ಟಣದಲ್ಲಿ ಕರೆಂಟಿನ ಕೆಲಸ ಕಲಿಯುವ ಕೋರ್ಸಿಗೆ ಅವಳೇ ಅರ್ಜಿ ತುಂಬಿಸಿದ್ದಳು. ಮುಂದಿನ ತಿಂಗಳು ಸೇರಬೇಕಿತ್ತು. "ಕೋರ್ಸು?" ಎಂದಳು. ಬೇರೆ ಯಾರದೋ ದನಿಯಂತೆ ಕೇಳಿತು.

"ಕೋರ್ಸು ಎಲ್ಲಿ ಓಡಿಹೋಗುತ್ತೆ? ಒಂದೆರಡು ವರ್ಷ ಮಾಡಲಿ. ನೀನು ಹೆದರಬೇಡ, ಅವನದು ಗಟ್ಟಿ ಎದೆ. ನಿಮ್ಮಣ್ಣಂದು ಹುಟ್ಟಿನಿಂದಲೇ ಸಣ್ಣ ಎದೆ, ಗಿರಣಿಯಿಂದ ಬಂದದ್ದಲ್ಲ. ಆವತ್ತು ಫೋಟೋದಲ್ಲೂ ಏನೂ ಇರ್ಲಿಲ್ವಲ್ಲ. ಇದ್ದಿದ್ರೆ ನೀನು ಹೇಳ್ತಿರ್ಲಿಲ್ವಾ?"

ಅವಳು ಪ್ಯಾಡನ್ನು ನೆಲದ ಮೇಲಿಟ್ಟಳು. ಇಷ್ಟು ವರ್ಷ ಈ ಗಳಿಗೆಯನ್ನು ಊಹಿಸಿಕೊಂಡಾಗಲೆಲ್ಲ ಅದಕ್ಕೊಂದು ಪೀಠಿಕೆ ಇರುತ್ತಿತ್ತು, ಅಳು ಇರುತ್ತಿತ್ತು. ಈಗ ಎರಡೂ ಬರಲಿಲ್ಲ.

"ಅತ್ತಿಗೆ, ಕಾಗದ ಬಂದಿತ್ತು."

ಅತ್ತಿಗೆ ಸುಲಿಯುತ್ತಲೇ ಇದ್ದಳು. "ಯಾವ ಕಾಗದ?"

"ಎದೆ ಫೋಟೋದ್ದು. ಹತ್ತೊಂಬತ್ತು ಜನದ ಹೆಸರಿತ್ತು. ಪುಡಿ ಕೂತಿದೆ, ಇವತ್ತೇ ಕೆಲಸ ಬಿಡಿಸಿ ಅಂತ ಬರೆದಿದ್ರು. ಅಣ್ಣಂದು ಮೂರನೇ ಹೆಸರು. ನಾನು ಅದನ್ನ ತಗೊಂಡು ಹೋಗಿ ಮ್ಯಾನೇಜರಿಗೆ ಕೊಟ್ಟೆ. ಯಾರಿಗೂ ಹೇಳಲಿಲ್ಲ."

ಚಾಕು ನಿಂತಿತು. ಅತ್ತಿಗೆ ಅವಳನ್ನು ನೋಡಲಿಲ್ಲ, ಕೈಯಲ್ಲಿದ್ದ ಈರುಳ್ಳಿಯನ್ನೇ ನೋಡುತ್ತಿದ್ದಳು.

"ನೀನು ಓದಿದ್ಯಾ ಅದನ್ನ?"

"ಓದಿದೆ."

"ಓದಿದ ದಿನ ನಮ್ಮನೇಲೇ ಊಟ ಮಾಡಿದ್ಯಾ?"

ಆಗ ಅವಳು ದಿನವೂ ಇಲ್ಲೇ ಊಟ ಮಾಡುತ್ತಿದ್ದದ್ದು. "ಹೂಂ."

"ಅವರು ಪಕ್ಕದಲ್ಲೇ ಕೂತಿದ್ರಾ?"

"ಹೂಂ."

"ನಾನೇ ಬಡಿಸಿದ್ನಾ?"

ಅತ್ತಿಗೆಯ ತುಟಿ ಎಣಿಸುವವರ ಹಾಗೆ ಸ್ವಲ್ಪ ಹೊತ್ತು ಅಲ್ಲಾಡಿತು. "ಆರು ವರ್ಷ" ಎಂದಳು. ಆಮೇಲೆ ತಟ್ಟನೆ, ಯಾವುದೋ ಮಾತು ಆಗಷ್ಟೇ ಕಿವಿಗೆ ಬಿದ್ದವಳಂತೆ, ತಲೆಯೆತ್ತಿ ಗಿರಣಿಯ ಕಡೆ ನೋಡಿದಳು. ಮಡಿಲಿನಿಂದ ಈರುಳ್ಳಿಗಳು ಉರುಳಿದವು. ಚಪ್ಪಲಿ ಕೂಡ ಮೆಟ್ಟದೆ ಅತ್ತಿಗೆ ಹೊಸ್ತಿಲು ದಾಟಿ, ಕಾದ ಜಲ್ಲಿಯ ಮೇಲೆ, ಐವತ್ತರ ಹತ್ತಿರದ ಮಂಡಿನೋವಿನ ಹೆಂಗಸು, ಓಡತೊಡಗಿದಳು.

ಹಿಂದೆಯೇ ಅವಳೂ ಹೋದಳು. ಅತ್ತಿಗೆ ಎರಡೂ ಕೈಯಿಂದ ಗೇಟು ಹಿಡಿದು ಅಲ್ಲಾಡಿಸುತ್ತಿದ್ದಳು. "ಶಿಫ್ಟು ಬಿಡೋದಕ್ಕೆ ಇನ್ನೂ ಒಂದು ಗಂಟೆ ಇದೆ ಅಕ್ಕ, ಏನಾಯ್ತು, ಯಾರಿಗೇನಾಯ್ತು" ಎಂದು ಗೇಟಿನವನು ಕೇಳುತ್ತಿದ್ದ. ಅತ್ತಿಗೆಯ ಬಾಯಿಂದ ಮಗನ ಹೆಸರು ಬಿಟ್ಟರೆ ಇನ್ನೇನೂ ಬರುತ್ತಿರಲಿಲ್ಲ. ಗಿರಣಿಯ ಗೇಟಿನಲ್ಲಿ ಹೆಂಗಸೊಬ್ಬಳು ಕೂಗಿದರೆ ಏನರ್ಥವೆಂದು ಸಾಲಿನವರಿಗೆ ಗೊತ್ತಿತ್ತು. ಒಂದೊಂದೇ ಬಾಗಿಲು ತೆರೆಯಿತು. ಚೀಲದಕ್ಕ ಸೂಜಿಯನ್ನು ಕೈಯಲ್ಲೇ ಹಿಡಿದುಕೊಂಡು ಬಂದಳು. ಬೆಲ್ಟಣ್ಣನ ಹೆಂಡತಿ ಒದ್ದೆ ಕೈಯಲ್ಲಿ ಬಂದಳು. ಬೆಳಗಿನಿಂದ ಅವಳು ಬರೆದುಕೊಂಡಿದ್ದ ಹೆಸರುಗಳೆಲ್ಲ ಬಿಸಿಲಿನಲ್ಲಿ ಬಂದು ನಿಂತವು.

ಒಳಗಿನಿಂದ ಯಾರೋ ಅವನನ್ನು ಕರೆತಂದರು. ಹುಬ್ಬು, ಮೀಸೆ, ತಲೆಗೂದಲು ಎಲ್ಲ ಬೆಳ್ಳಗಾಗಿ, ಒಂದೇ ಬೆಳಗಿನಲ್ಲಿ ಮುದುಕನಾದವನ ಹಾಗೆ ಉದ್ದಣ್ಣ ಗೇಟಿನ ಸಣ್ಣ ಬಾಗಿಲಿನಿಂದ ಬಗ್ಗಿ ಹೊರಗೆ ಬಂದ. "ಏನಮ್ಮ ಇದು? ಮೊದಲನೇ ದಿನವೇ... ಎಲ್ಲರೂ ನೋಡ್ತಿದ್ದಾರೆ" ಎಂದ. ಮುಖ ನಾಚಿಕೆಯಿಂದ ಕೆಂಪಾಗಿರಬೇಕು, ಪುಡಿಯಲ್ಲಿ ಕಾಣಲಿಲ್ಲ. ಅತ್ತಿಗೆ ಅವನ ಮಣಿಕಟ್ಟನ್ನು ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲು ನೋಡಿದ, ಆಗಲಿಲ್ಲ. ಆ ಹಿಡಿತದಲ್ಲೇ ತಿರುಗಿ ಅತ್ತಿಗೆ ಮೊದಲ ಸಲ ನೇರವಾಗಿ ಅವಳ ಮುಖ ನೋಡಿದಳು. ಆ ಕಣ್ಣಿನಲ್ಲಿ ಸಿಟ್ಟು ಕೂಡ ಇರಲಿಲ್ಲ, ಗುರುತು ಸಿಗದವರನ್ನು ನೋಡುವ ನೋಟ ಅದು.

"ಹೇಳು. ನನಗೆ ಹೇಳಿದ್ದನ್ನ ಇವರಿಗೂ ಹೇಳು."

ಹೆಂಗಸರು ಅವಳ ಕಡೆ ತಿರುಗಿದರು. ಗಿರಣಿಯ ಸದ್ದಿಗೆ ದನಿ ಎತ್ತರಿಸಬೇಕಾಗಿತ್ತು. ಕಾಗದ ಬಂದದ್ದು, ತಾನು ಓದಿದ್ದು, ಕೊಟ್ಟುಬಂದದ್ದು, ಅಷ್ಟನ್ನೂ ನಾಲ್ಕು ಮಾತಿನಲ್ಲಿ ಹೇಳಿದಳು. "ಯಾರ್‍ಯಾರ ಹೆಸರಿತ್ತು?" ಎಂದು ಗುಂಪಿನ ಹಿಂದಿನಿಂದ ಒಂದು ದನಿ ಕೇಳಿತು. ಅವಳು ಮೊದಲನೆಯ ಹೆಸರು ಹೇಳಿದಳು. ಚೀಲದಕ್ಕ, ಯಾರೋ ಕಾಲ ಕೆಳಗಿನ ಚಾಪೆ ಎಳೆದ ಹಾಗೆ, ನಿಂತಲ್ಲೇ ಕೂತಳು. ಎರಡನೆಯದು ಹೇಳಿದಳು. ಮೂರನೆಯದನ್ನು, ಅಣ್ಣನದನ್ನು, ಉಳಿದವುಗಳಷ್ಟೇ ಗಟ್ಟಿಯಾಗಿ ಹೇಳಿದಳು. ಉದ್ದಣ್ಣ ಮಣಿಕಟ್ಟು ಬಿಡಿಸಿಕೊಳ್ಳುವುದನ್ನು ನಿಲ್ಲಿಸಿದ. ಹೆಸರು ಬಿದ್ದಲ್ಲೆಲ್ಲ ಗುಂಪು ಸ್ವಲ್ಪ ಸರಿದು, ಆ ಹೆಸರಿನ ಹೆಂಗಸಿನ ಸುತ್ತ ಒಂದಿಷ್ಟು ಜಾಗ ಬಿಡುತ್ತಿತ್ತು. ಎಂಟು ಮುಗಿಯಿತು. ಒಂಬತ್ತನೆಯದಕ್ಕೆ ಬಂದವಳು ನಿಲ್ಲಿಸಿದಳು. ಬೆಲ್ಟಣ್ಣನ ಹೆಂಡತಿ ಎದುರಿಗೇ ನಿಂತಿದ್ದಳು, ಕೈಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅವಳಿಗೆ ಆಗಲೇ ತಿಳಿದುಹೋಗಿತ್ತು.

"ನಿಲ್ಲಿಸಬೇಡಿ ಟೀಚರೇ" ಎಂದಳು ಅವಳು, "ಗಟ್ಟಿಯಾಗಿ ಹೇಳಿ. ಅವರು ಇನ್ನೂ ಇದ್ದಾರೆ, ಮನೆವರೆಗೆ ಕೇಳಿಸಲಿ."